ಲಟ್ಟಣಿಗೆ ಮತ್ತು ಪೇಸ್ಟ್ರಿಯ ಉಪಕರಣಗಳು

ನಾದಿದ ಹಿಟ್ಟನ್ನು ಸಮತಲದ ಮೇಲಿರಿಸಿ, ಒತ್ತಿ ಉರುಳಿಸಿ, ಬೇಕಾದ ದಪ್ಪಕ್ಕೆ ಹರಡಲು ಉಪಯೋಗಿಸುವ ದುಂಡನೆಯ ದಂಡವೇ ಲಟ್ಟಣಿಗೆ. ಚಪಾತಿ, ಚಿರೋಟಿಗಳಿಂದ ಹಿಡಿದು ಐರೋಪ್ಯರ ಪೈ, ಟಾರ್ಟ್, ಪಫ್, ಬಿಸ್ಕತ್ತುಗಳವರೆಗೆ, ಹಿಟ್ಟನ್ನು ಹಾಳೆಯಾಗಿಸಿ ಮಾಡುವ ಭಕ್ಷ್ಯಗಳಲ್ಲಿ ಬಹುಪಾಲು ಇದರ ಕೆಳಗೇ ರೂಪು ತಳೆಯತಕ್ಕವು. ಇವುಗಳಲ್ಲಿ ಕೊಬ್ಬು ಹೆಚ್ಚಾಗಿ ಬೆರೆತ, ಓವನ್ನಿನ ಶುಷ್ಕವಾದ ಬಿಸಿಯಲ್ಲಿ ಬೇಯುವ ಪೇಸ್ಟ್ರಿಯ ವರ್ಗಕ್ಕೆ ತನ್ನದೇ ಆದ ಉಪಕರಣ ಪರಂಪರೆಯೊಂದುಂಟು. ಮನೆಯಲ್ಲಿ ಇಂಥ ತಿನಿಸುಗಳನ್ನು ಮಾಡತೊಡಗಿದವರು ಆ ಪರಂಪರೆಯಿಂದ ಏನನ್ನು ಆರಿಸಿಕೊಳ್ಳಬೇಕು, ಏನನ್ನು ಬಿಡಬಹುದು ಎಂಬುದನ್ನು ನಿರ್ಣಯಿಸುವುದಕ್ಕೆ ಉಪಕರಣದ ಅಂದಕ್ಕಿಂತ ಹಿಟ್ಟಿನ ಸ್ವಭಾವವೂ ಅಡುಗೆಮನೆಯ ಹವೆಯೂ ಹೆಚ್ಚು ಪ್ರಮಾಣಭೂತವಾದ ಆಧಾರಗಳು.

ಗೋದಿಯ ಹಿಟ್ಟಿಗೆ ನೀರು ಸೋಕಿದೊಡನೆ ಅದರಲ್ಲಿರುವ ಗ್ಲಯಡಿನ್, ಗ್ಲುಟೆನಿನ್ ಎಂಬ ಎರಡು ಸಸಾರಜನಕ ದ್ರವ್ಯಗಳು ಒಂದರೊಡನೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ಸ್ಥಿತಿಸ್ಥಾಪಕ ಜಾಲವಾಗಿ ಪರಿಣಮಿಸುತ್ತವೆ. ನಾದಿದಷ್ಟೂ ಎಳೆದಷ್ಟೂ ಈ ಜಾಲ ಬಿಗಿಯುತ್ತದೆ. ಮುಚ್ಚಿಟ್ಟು ಅರ್ಧ ಗಂಟೆ ಬಿಟ್ಟರೆ ಸಡಿಲುತ್ತದೆ. ಲಟ್ಟಿಸಿದ ಹಾಳೆ ಮತ್ತೆ ಮತ್ತೆ ಹಿಂದಕ್ಕೆ ಸೇದಿಕೊಳ್ಳುತ್ತಿದ್ದರೆ ಅದು ಲಟ್ಟಣಿಗೆಯ ದೋಷವಲ್ಲ, ವಿಶ್ರಾಂತಿ ಸಾಲದ ಹಿಟ್ಟಿನ ಲಕ್ಷಣ. ಇನ್ನು ಕೊಬ್ಬಿನ ವಿಷಯ. ಪೈ ಹಿಟ್ಟಿನಲ್ಲಿ ಬೆಣ್ಣೆ ಸಣ್ಣ ಸಣ್ಣ ತುಣುಕುಗಳಾಗಿ ಉಳಿದು, ಲಟ್ಟಣಿಗೆಯ ಒತ್ತಡಕ್ಕೆ ಚಪ್ಪಟೆಯಾಗಿ, ಹಿಟ್ಟಿನ ಪದರಗಳ ನಡುವೆ ತೆಳ್ಳನೆಯ ತಗಡುಗಳಂತೆ ಹರಡಿಕೊಳ್ಳಬೇಕು. ಪಫ್ ಹಿಟ್ಟಿನಲ್ಲಾದರೋ ಬೆಣ್ಣೆಯ ಒಂದೇ ಹಾಳೆಯನ್ನು ಹಿಟ್ಟಿನಲ್ಲಿ ಮುಚ್ಚಿ, ಲಟ್ಟಿಸಿ, ಮೂರು ಮಡಿಕೆಯಾಗಿ ಮಡಿಸಿ, ಈ ಕ್ರಿಯೆಯನ್ನು ಆರು ಸಲ ನಡೆಸುವ ಸಂಪ್ರದಾಯವಿದ್ದು, ಹಾಗೆ ಮಾಡಿದಾಗ ಆ ಒಂದು ಹಾಳೆ 729 ಪದರಗಳಾಗುತ್ತದೆ. ಓವನ್ನಿನ ಬಿಸಿಗೆ ಹಿಟ್ಟಿನಲ್ಲಿಯೂ ಬೆಣ್ಣೆಯಲ್ಲಿಯೂ ಇರುವ ನೀರು ಹಬೆಯಾಗಿ, ಕೊಬ್ಬು ಬೇರ್ಪಡಿಸಿಟ್ಟ ಪದರಗಳನ್ನು ಮೇಲಕ್ಕೆತ್ತುತ್ತದೆ. ಆದುದರಿಂದ ಲಟ್ಟಿಸುವಾಗ ಬೆಣ್ಣೆ ಕರಗಿ ಹಿಟ್ಟಿನಲ್ಲಿ ಇಂಗಿಹೋದರೆ ಮುಂದಿನ ಯಾವ ಕೌಶಲವೂ ಆ ಪದರಗಳನ್ನು ಮರಳಿ ತರಲಾರದು. ಬೆಣ್ಣೆ ಒಡೆಯದೆ ಬಾಗುವುದು ಸುಮಾರು 13ರಿಂದ 18 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ; 20 ಡಿಗ್ರಿ ದಾಟಿದರೆ ಅದು ಮೆತ್ತಗಾಗತೊಡಗುತ್ತದೆ; 32ರಿಂದ 35ರೊಳಗೆ ಪೂರ್ಣವಾಗಿ ಕರಗುತ್ತದೆ. ಪೇಸ್ಟ್ರಿಯ ಉಪಕರಣಗಳಲ್ಲಿ ಕಾಣಬರುವ ವೈವಿಧ್ಯಕ್ಕೆಲ್ಲ ಈ ಇಕ್ಕಟ್ಟಾದ ಉಷ್ಣತಾವಕಾಶವೇ ಮುಖ್ಯ ಕಾರಣ.

ಲಟ್ಟಣಿಗೆಯ ಪ್ರಾಚೀನತೆಯ ಬಗ್ಗೆ ಹೇಳುವಾಗ ಇಟಲಿಯ ಚೆರ್ವೆತೆರಿಯಲ್ಲಿರುವ ಎಟ್ರಸ್ಕನ್ ಸಮಾಧಿಯೊಂದನ್ನು ಉದಾಹರಿಸುವುದು ವಾಡಿಕೆ. ಸಾಮಾನ್ಯವಾಗಿ ಕ್ರಿ.ಪೂ. 4ನೆಯ ಶತಮಾನದ್ದೆಂದು ಎಣಿಸಲಾಗುವ ಆ ಸಮಾಧಿಯ ಕಂಬಗಳ ಮೇಲೆ ಗಾರೆಯಲ್ಲಿ ಉಬ್ಬಿಸಿ ತೋರಿಸಿರುವ ಗೃಹೋಪಯೋಗಿ ವಸ್ತುಗಳ ನಡುವೆ ಹಿಟ್ಟಿನ ಹಲಗೆಯನ್ನೂ ಲಟ್ಟಣಿಗೆಯನ್ನೂ ಕೆಲವರು ಗುರುತಿಸಿದ್ದಾರೆ. ಆ ಗುರುತಿಸುವಿಕೆಯನ್ನು ಊಹೆಯೆಂದು ಭಾವಿಸುವುದೇ ಯುಕ್ತ. 1570ರಲ್ಲಿ ವೆನಿಸ್ಸಿನಲ್ಲಿ ಮುದ್ರಿತವಾದ, ಪೋಪರ ಪಾಕಶಾಲೆಯಲ್ಲಿ ಸೇವೆ ಸಲ್ಲಿಸಿದ್ದ ಬಾರ್ತೊಲೊಮಿಯೊ ಸ್ಕಾಪ್ಪಿಯ 'ಓಪೆರಾ' ಎಂಬ ಬೃಹದ್‌ಗ್ರಂಥದಲ್ಲಿ ಆ ಕಾಲದ ಅಡುಗೆಯ ಕೋಣೆಗಳೂ ಸಲಕರಣೆಗಳೂ ಕೆತ್ತನೆಯ ಚಿತ್ರಗಳಾಗಿ ಉಳಿದುಬಂದಿರುವುದು ಈ ವಿಷಯದ ಅಭ್ಯಾಸಿಗಳಿಗೆ ದೊರೆತಿರುವ ದೊಡ್ಡ ಭಾಗ್ಯವೆನ್ನಬೇಕು. ಇಂಗ್ಲೆಂಡಿನಲ್ಲಿ 18 ಮತ್ತು 19ನೆಯ ಶತಮಾನಗಳಲ್ಲಿ ಗಾಜಿನ ಪೊಳ್ಳು ಲಟ್ಟಣಿಗೆಗಳು ಪ್ರಚಾರಕ್ಕೆ ಬಂದವು. ಬ್ರಿಸ್ಟಲ್ ಸಮೀಪದ ನೇಲ್ಸೀ ಮೊದಲಾದ ಕಡೆಯ ಗಾಜಿನ ಕೆಲಸದೊಡನೆ ಹೆಸರು ಬೆಸೆದುಕೊಂಡ ಇವುಗಳ ಮೇಲೆ ಹಡಗಿನ ಚಿತ್ರ, ಪ್ರೀತಿಯ ನುಡಿಗಳನ್ನು ಬರೆಸಿ ನಾವಿಕರು ತಮ್ಮ ಪ್ರೇಯಸಿಯರಿಗೂ ಮಡದಿಯರಿಗೂ ಕಾಣಿಕೆಯಾಗಿ ಕೊಡುತ್ತಿದ್ದರು. ಅವುಗಳಲ್ಲಿ ಬಹಳಷ್ಟು ಹಿಟ್ಟನ್ನು ಮುಟ್ಟದೆ ಗೋಡೆಯನ್ನೇ ಅಲಂಕರಿಸಿದುವು. ಒಳಗೆ ತಣ್ಣೀರು ತುಂಬಿ ಲಟ್ಟಿಸುವ ಯುಕ್ತಿಯೂ ಈ ಜಾತಿಗೇ ಸೇರಿದ್ದು. ಅಮೆರಿಕದ ವಾಷಿಂಗ್ಟನ್ ನಗರದ ಜೂಡಿ ಡಬ್ಲ್ಯು. ರೀಡ್ ಎಂಬಾಕೆಗೆ 1884ರ ಸೆಪ್ಟೆಂಬರ್ 23ರಂದು ಹಿಟ್ಟು ನಾದಿ ಉರುಳೆಗಳ ನಡುವೆ ಹಾಯಿಸುವ ಯಂತ್ರಕ್ಕಾಗಿ ಪೇಟೆಂಟ್ ದೊರೆಯಿತು. ಆ ದೇಶದಲ್ಲಿ ಪೇಟೆಂಟ್ ಪಡೆದ ಮೊದಲ ಆಫ್ರಿಕನ್ ಮೂಲದ ಮಹಿಳೆ ಈಕೆಯೆಂಬುದು ಸಾಮಾನ್ಯವಾದ ಅಭಿಪ್ರಾಯ. ಇಂದು ದೊಡ್ಡ ಬೇಕರಿಗಳಲ್ಲಿ ಲಟ್ಟಣಿಗೆಯ ಕೆಲಸವನ್ನು ಎರಡು ಉರುಳೆಗಳ ನಡುವೆ ಹಿಟ್ಟನ್ನು ಹಾಯಿಸುವ ಶೀಟರ್ ಯಂತ್ರವೇ ನಿರ್ವಹಿಸುತ್ತದೆ.

ಕೈಯಿಂದ ಉರುಳಿಸುವ ಲಟ್ಟಣಿಗೆಗಳು ಮುಖ್ಯವಾಗಿ ಮೂರು ಬಗೆಯವು. ಎರಡು ತುದಿಗಳಲ್ಲೂ ಹಿಡಿಯಿದ್ದು, ನಡುವಿನ ಉರುಳೆ ಒಳಗಿನ ಅಚ್ಚಿನ ಮೇಲೆ ತಾನೇ ತಿರುಗುವಂಥದು ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ರೂಢವಾದದ್ದು. ಉತ್ತಮ ದರ್ಜೆಯವುಗಳಲ್ಲಿ ಅಚ್ಚಿಗೆ ಬಾಲ್‌ಬೇರಿಂಗುಗಳಿರುತ್ತವೆ. ಫ್ರೆಂಚರದು ಹಿಡಿಯಿಲ್ಲದ ಒಂದೇ ಮರದ ದಂಡ, 45ರಿಂದ 50 ಸೆಂಟಿಮೀಟರ್ ಉದ್ದ, ಉದ್ದಕ್ಕೂ ಒಂದೇ ಗಾತ್ರ. ಅದೇ ದಂಡವನ್ನು ನಡುವಿನಿಂದ ತುದಿಗಳಿಗೆ ಕ್ರಮವಾಗಿ ಕಿರಿದಾಗುವಂತೆ ಕಡೆದರೆ ಮೂರನೆಯ ಬಗೆ. ನಮ್ಮ ಚಪಾತಿಯ ಲಟ್ಟಣಿಗೆ ಗಾತ್ರದಲ್ಲಿ ಚಿಕ್ಕದಾದರೂ ಆಕಾರದಲ್ಲಿ ಇದರ ಬಂಧುವೇ. ಇವುಗಳಲ್ಲಿ ಯಾವುದು ಮೇಲು ಎಂಬ ಚರ್ಚೆ ಬಹುಕಾಲದಿಂದ ನಡೆದುಬಂದಿದೆ. ಹಿಡಿಯುಳ್ಳ ಲಟ್ಟಣಿಗೆಯಲ್ಲಿ ಅಂಗೈ ಉರುಳೆಯನ್ನು ಮುಟ್ಟುವುದೇ ಇಲ್ಲವಾಗಿ ಕೈಯ ಬಿಸಿ ಹಿಟ್ಟಿಗೆ ಇಳಿಯದು, ಉರುಳೆಯ ಭಾರವೇ ಅರ್ಧ ಕೆಲಸವನ್ನು ಮಾಡುವುದರಿಂದ ತೋಳಿಗೆ ಆಯಾಸವೂ ಕಡಿಮೆ. ಫ್ರಿಜ್ಜಿನಿಂದ ಆಗತಾನೆ ತೆಗೆದ ಗಟ್ಟಿ ಹಿಟ್ಟಿಗೆ, ಮಣಿಕಟ್ಟು ನೋಯುವವರಿಗೆ ಇದು ನಿಜವಾದ ಉಪಕಾರ. ಆದರೆ ಅದರ ಉರುಳೆ ಅನೇಕ ವೇಳೆ 25ರಿಂದ 30 ಸೆಂಟಿಮೀಟರಿಗೆ ಮುಗಿಯುತ್ತದೆ. 23 ಸೆಂಟಿಮೀಟರ್ ಅಗಲದ ಪೈ ತಟ್ಟೆಗೆ ತಳ, ಅಂಚು ಎಲ್ಲ ಸೇರಿ 30 ಸೆಂಟಿಮೀಟರಿಗೂ ಮಿಕ್ಕ ಹಾಳೆ ಬೇಕಾಗುವುದರಿಂದ, ಗಿಡ್ಡ ಉರುಳೆಯ ಅಂಚುಗಳು ಹಾಳೆಯ ಮೈಮೇಲೆ ಗೀರು ಮೂಡಿಸುತ್ತವೆ. ಹಿಡಿಯಿಲ್ಲದ ದಂಡದ ಮೇಲೆ ಕೈಯನ್ನು ಎಲ್ಲಿ ಬೇಕಾದರೂ ಇಡಬಹುದು. ಹಿಟ್ಟು ಎಲ್ಲಿ ದಪ್ಪವಾಗಿದೆ, ಎಲ್ಲಿ ಬೆಣ್ಣೆಯ ತುಣುಕು ಇನ್ನೂ ಗಟ್ಟಿಯಾಗಿದೆ ಎಂಬುದು ಮರದ ಮೂಲಕ ನೇರವಾಗಿ ಅಂಗೈಗೆ ತಿಳಿದುಬರುತ್ತದೆ. ಈ ಸ್ಪರ್ಶಜ್ಞಾನವನ್ನು ಹಿಡಿಯುಳ್ಳದ್ದು ಕೊಡಲಾರದು. ಕಲಿಯುವವರಿಗೆ ಬೇಕಾದುದು ಅದೇ ಆದುದರಿಂದ, ಮೊದಲ ಲಟ್ಟಣಿಗೆ ಹಿಡಿಯಿಲ್ಲದ್ದೇ ಆಗಿರಬೇಕೆಂಬುದು ಈ ಲೇಖಕನ ನಿಶ್ಚಿತವಾದ ಮತ.

ನೆಟ್ಟನೆಯದೋ, ತುದಿ ಕಿರಿದಾದದ್ದೋ ಎಂಬುದು ಹಾಳೆಯ ಆಕಾರವನ್ನು ಅವಲಂಬಿಸಿದೆ. ತುದಿ ಕಿರಿದಾದದ್ದನ್ನು ಒಂದು ಪಕ್ಕಕ್ಕೆ ತುಸು ಒತ್ತಿದರೆ ಅದು ಓರೆಯಾಗಿ ಚಲಿಸಿ ಹಿಟ್ಟನ್ನು ಸುತ್ತಿಸುತ್ತದೆ; ಪಳಗಿದ ಕೈಯಲ್ಲಿ ಚಪಾತಿ ಮಣೆಯ ಮೇಲೆ ತಾನಾಗಿಯೇ ತಿರುಗುತ್ತ ದುಂಡಗಾಗುವುದು ಇದರಿಂದಲೇ. ಪಫ್, ಕ್ರೋಸಾಂ ಮೊದಲಾದವುಗಳಿಗೆ ಬೇಕಾದ ಆಯತಾಕಾರದ, ಎಲ್ಲೆಡೆಯೂ ಸಮದಪ್ಪವಾದ ಹಾಳೆಗೆ ಅದೇ ಗುಣ ದೋಷವಾಗಿ, ನಡುವೆ ತೆಳುವಾಗಿ ಅಂಚಿನಲ್ಲಿ ದಪ್ಪವಾಗಿ ಪದರಗಳು ಅಸಮವಾಗುತ್ತವೆ. ಸುಮಾರು 30 ಸೆಂಟಿಮೀಟರ್ ಉದ್ದ, 3 ಸೆಂಟಿಮೀಟರ್ ದಪ್ಪವಿರುವ ಮನೆಯ ಲಟ್ಟಣಿಗೆಯಿಂದ ಬಿಸ್ಕತ್ತು ಮಾಡಬಹುದು, ಸಣ್ಣ ಟಾರ್ಟುಗಳನ್ನೂ ಮಾಡಬಹುದು. ದೊಡ್ಡ ಹಾಳೆಗೆ ಅದು ಸಾಲದು. ಮೂರು ಕಾಲಿನ ದುಂಡು ಮಣೆಯೂ ಸಾಲದು. ಅಡುಗೆಕಟ್ಟೆಯ ನುಣುಪಾದ ಗ್ರಾನೈಟ್ ಕಲ್ಲೇ ಅದಕ್ಕೆ ತಕ್ಕ ಜಾಗ.

ಇನ್ನುಳಿದ ದೇಶಗಳ ಲಟ್ಟಣಿಗೆಗಳಲ್ಲಿ ಆಯಾ ಹಿಟ್ಟಿನ ಅಗತ್ಯವೇ ಆಕಾರ ತಳೆದಿರುವುದು ಕಾಣುತ್ತದೆ. ತುರ್ಕಿಯ ಓಕ್ಲಾವ ಕೋಲಿನಷ್ಟು ತೆಳು, ಬಹಳ ಉದ್ದ. ಹಾಳೆಯನ್ನು ಅದಕ್ಕೇ ಸುತ್ತಿ, ಸುತ್ತಿದಂತೆಯೇ ಉರುಳಿಸಿ, ಹಿಂದಿನ ವಸ್ತು ಕಾಣುವಷ್ಟು ತೆಳ್ಳಗೆ ಮಾಡುತ್ತಾರೆ. 2013ರಲ್ಲಿ ಐರೋಪ್ಯ ಒಕ್ಕೂಟದ ಭೌಗೋಳಿಕ ಸೂಚನೆಯ ಮನ್ನಣೆ ಪಡೆದ ಗಾಜಿಯಾಂತೆಪ್ ನಗರದ ಬಕ್ಲಾವಕ್ಕೆ ಇಂಥ ಹಾಳೆಗಳೇ ಆಧಾರ. ಇಟಲಿಯ ಬೊಲೊನ್ಯ ಪ್ರಾಂತದ ಮತ್ತರೆಲ್ಲೊ ಒಂದು ಮೀಟರಿನ ಸಮೀಪದ ಉದ್ದದ್ದು, ಮೊಟ್ಟೆ ಬೆರೆತ ಪಾಸ್ತಾ ಹಿಟ್ಟಿಗಾಗಿ. ಸ್ವೀಡನ್ನಿನ ಚಪ್ಪಟೆ ರೊಟ್ಟಿಗೆ ಮೈತುಂಬ ಗುಬುಟುಗಳಿರುವ ಲಟ್ಟಣಿಗೆ, ರೊಟ್ಟಿ ಬೇಯುವಾಗ ಗುಳ್ಳೆಯೇಳದಿರಲೆಂದು. ಜರ್ಮನಿಯ ಸ್ವಾಬಿಯ ಪ್ರದೇಶದ ಸೋಂಪು ಪರಿಮಳದ ಸ್ಪ್ರಿಂಗರ್ಲೆ ಬಿಸ್ಕತ್ತಿಗೆ ಹೂವು, ಹಕ್ಕಿಗಳನ್ನು ಕೆತ್ತಿದ ಅಚ್ಚುಗಳೂ ಲಟ್ಟಣಿಗೆಗಳೂ ಉಂಟು. ಆ ಹಿಟ್ಟಿಗೆ ಬೆಣ್ಣೆ ಹೆಚ್ಚಿಲ್ಲದಿರುವುದರಿಂದಲೂ ಅಚ್ಚೊತ್ತಿದ ಮೇಲೆ ಬಹಳ ಹೊತ್ತು ಒಣಗಲು ಬಿಡುವುದರಿಂದಲೂ ಚಿತ್ರ ಅಳಿಯದೆ ನಿಲ್ಲುತ್ತದೆ. ಈಚೆಗೆ ಎಲ್ಲೆಡೆ ಮಾರಾಟವಾಗುತ್ತಿರುವ ಚಿತ್ತಾರದ ಲಟ್ಟಣಿಗೆಯನ್ನು ಬೆಣ್ಣೆ ತುಂಬಿದ, ಉಬ್ಬುವ ಹಿಟ್ಟಿನ ಮೇಲೆ ಉರುಳಿಸಿದರೆ ಚಿತ್ರ ಓವನ್ನಿನಲ್ಲಿ ಕರಗಿಹೋಗುವುದು ಸ್ವಾಭಾವಿಕ.

ಅಮೃತಶಿಲೆಯ ಲಟ್ಟಣಿಗೆಯ ಬಗೆಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಏಕೆಂದರೆ ಅದು ತಂಪಾದದ್ದು, ಆದುದರಿಂದ ಪೇಸ್ಟ್ರಿಗೆ ಸರ್ವೋತ್ತಮವಾದದ್ದು ಎಂಬ ನಂಬಿಕೆ ದೃಢವಾಗಿ ಬೇರೂರಿದೆ. ವಾಸ್ತವದಲ್ಲಿ, ಒಂದೇ ಕೋಣೆಯಲ್ಲಿ ಬಹುಹೊತ್ತು ಇದ್ದ ಕಲ್ಲು ಮತ್ತು ಮರಗಳ ಉಷ್ಣತೆ ಒಂದೇ ಆಗಿರುತ್ತದೆ. ಕಲ್ಲು ಶಾಖವನ್ನು ಮರಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಸಾಗಿಸುವುದರಿಂದ ನಮ್ಮ ಬೆಚ್ಚನೆಯ ಕೈಯ ಶಾಖವನ್ನು ಬೇಗ ಸೆಳೆದುಕೊಂಡು ತಣ್ಣಗಿರುವಂತೆ ತೋರುತ್ತದೆ, ಅಷ್ಟೆ. 18 ಡಿಗ್ರಿಯ ಐರೋಪ್ಯ ಅಡುಗೆಮನೆಯಲ್ಲಿ ಈ ಗುಣ ಕೈಸೋಕಿ ಬೆಚ್ಚಗಾಗುವ ಹಿಟ್ಟಿಗೆ ಸಹಾಯಕವೇ ಹೌದು. ಆದರೆ ಬೇಸಗೆಯ ಮಧ್ಯಾಹ್ನ ಕಲಬುರಗಿಯಲ್ಲಾಗಲಿ ಬಳ್ಳಾರಿಯಲ್ಲಾಗಲಿ 36 ಡಿಗ್ರಿಗೆ ಕಾದ ಅಡುಗೆಮನೆಯಲ್ಲಿ ಫ್ರಿಜ್ಜಿನಿಂದ ತೆಗೆದ ಹಿಟ್ಟಿನ ಮೇಲೆ ಅದೇ ಕಲ್ಲನ್ನು ಉರುಳಿಸಿದರೆ, ಅದು ತನ್ನಲ್ಲಿರುವ ಶಾಖವನ್ನು ಅಷ್ಟೇ ವೇಗವಾಗಿ ಬೆಣ್ಣೆಗೆ ಒಪ್ಪಿಸುತ್ತದೆ. ಅಲ್ಲಿ ಮರವೇ ಹಿತಕಾರಿ. ಅಮೃತಶಿಲೆ ಉಪಯುಕ್ತವಾಗಬೇಕಾದರೆ ಅದನ್ನು ಮೊದಲು ಒಂದೆರಡು ಗಂಟೆ ಫ್ರಿಜ್ಜಿನಲ್ಲಿಡಬೇಕು. ಆ ಜಾಗವನ್ನು ಲಟ್ಟಣಿಗೆಗಿಂತ ಹಿಟ್ಟಿಗೇ ಕೊಡುವುದು ವಿವೇಕ. ಉಕ್ಕು, ಅಲ್ಯುಮಿನಿಯಮ್ ಲಟ್ಟಣಿಗೆಗಳಿಗೂ ಈ ಮಾತು ಅನ್ವಯಿಸುತ್ತದೆ. ಸಿಲಿಕೋನ್ ಹೊದಿಕೆಯವು ಅಂಟುವುದು ಕಡಿಮೆ, ತೊಳೆಯುವುದು ಸುಲಭ. ಹರಿತವಾದ ಅಲಗು ತಗುಲಿದರೆ ಮಾತ್ರ ಮೈ ಹರಿಯುತ್ತದೆ. ನಾಡಿನ ಬೇಸಗೆಯಲ್ಲಿ ಪೇಸ್ಟ್ರಿ ಮಾಡುವವರಿಗೆ ಯಾವ ಉಪಕರಣಕ್ಕಿಂತಲೂ ಬೆಳಗಿನ ಜಾವದ ತಂಪು ಹೆಚ್ಚು ಸಹಾಯಮಾಡುತ್ತದೆ.

ಮರಗಳಲ್ಲಿ ರಂಧ್ರಗಳು ಅತಿ ಸೂಕ್ಷ್ಮವಾಗಿರುವ, ಭಾರವಾದ ಜಾತಿಗಳು ಶ್ರೇಷ್ಠ. ಪಾಶ್ಚಾತ್ಯರಲ್ಲಿ ಮೇಪಲ್, ಬೀಚ್, ಚೆರಿ, ಹಿಂದೆ ಬಾಕ್ಸ್‌ವುಡ್ ಈ ಕೆಲಸಕ್ಕೆ ಪ್ರಸಿದ್ಧವಾದವು. ನಮ್ಮಲ್ಲಿ ಬೀಟೆ, ಶೀಶಮ್, ಹುಣಸೆ ಗಟ್ಟಿಯಾದವು, ತೂಕದವು. ತೇಗ ಬಾಳಿಕೆಗೆ ಹೆಸರಾದರೂ ಅದರ ರಂಧ್ರಗಳು ದೊಡ್ಡವಾದುದರಿಂದ ಹಿಟ್ಟು ಸಿಕ್ಕಿಕೊಳ್ಳುತ್ತದೆ. ಚನ್ನಪಟ್ಟಣದ ಬಣ್ಣದ ಗೊಂಬೆಗಳಿಗೆ ಜೀವಾಳವಾದ ಹಾಲೆಮರ ತಿರುಗಣೆಯ ಕೆಲಸಕ್ಕೆ ಸೊಗಸಾದದ್ದು. ಹಗುರವಾದುದರಿಂದ ತಣ್ಣನೆಯ ಗಟ್ಟಿ ಹಿಟ್ಟಿಗೆ ಬೇಕಾದ ಭಾರ ಅದರಲ್ಲಿಲ್ಲ. ಕೊಳ್ಳುವಾಗ ಲಟ್ಟಣಿಗೆಯನ್ನು ಗಾಜಿನ ಮೇಜಿನ ಮೇಲೆ ಉರುಳಿಸಿ, ಕೆಳಗಿನಿಂದ ಬೆಳಕು ನುಸುಳುವುದೋ ಎಂದು ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ನೋಡಬೇಕು. ಎಳೆಗಳು ಉದ್ದಕ್ಕೆ ಸಮಾಂತರವಾಗಿ ಸಾಗಿರಬೇಕು. ತುದಿಯಲ್ಲಿ ಮರದ ತಿರುಳಿನ ಚುಕ್ಕೆ ಕಂಡರೆ ಅಂಥದು ಮುಂದೆ ಬಿರಿಯುವ ಸಂಭವ ಹೆಚ್ಚು. ವಾರ್ನಿಷ್ ಹೊಳಪಿನದು ಬೇಡ. ಕಾಲಕ್ರಮದಲ್ಲಿ ಅದು ಸಿಪ್ಪೆಯೆದ್ದು ಹಿಟ್ಟಿಗೆ ಬೀಳುತ್ತದೆ.

ಲಟ್ಟಿಸಿ ಪದರ ಕಟ್ಟುವ ವಿದ್ಯೆ ಕನ್ನಡ ನಾಡಿಗೆ ಹೊರಗಿನದಲ್ಲ. ತೆಳ್ಳಗೆ ಲಟ್ಟಿಸಿದ ಹಾಳೆಗಳಿಗೆ ತುಪ್ಪದಲ್ಲಿ ಕಲಸಿದ ಅಕ್ಕಿಹಿಟ್ಟಿನ ಸಾಟಿಯನ್ನು ಸವರಿ, ಒಂದರ ಮೇಲೊಂದಿಟ್ಟು, ಸುರುಳಿ ಸುತ್ತಿ, ಕತ್ತರಿಸಿ, ತುಂಡುಗಳನ್ನು ಮತ್ತೆ ಹಗುರವಾಗಿ ಲಟ್ಟಿಸಿ ಕರಿಯುವ ಚಿರೋಟಿಯಲ್ಲಿ ಪಫ್‌ನ ತತ್ತ್ವವೇ ಇದೆ. ಇಲ್ಲಿ ಅಕ್ಕಿಹಿಟ್ಟು ತುಪ್ಪವನ್ನು ಹಿಡಿದಿಟ್ಟು ಅದು ಹರಿದುಹೋಗದಂತೆ ಮಾಡುವುದು ಬಿಸಿನಾಡಿನ ಬುದ್ಧಿವಂತಿಕೆಯೆಂದೇ ಹೇಳಬೇಕು. ಕೊನೆಯ ಸಲ ಲಟ್ಟಿಸುವಾಗ ಕೈ ಭಾರವಾದರೆ ಪದರಗಳು ಒಂದಾಗಿ ಚಿರೋಟಿ ಪೂರಿಯಾಗುತ್ತದೆಂಬುದನ್ನು ಬಲ್ಲ ಗೃಹಿಣಿಗೆ ಫ್ರೆಂಚರ ಪಫ್ ಕಲಿಯುವುದು ಕಷ್ಟವಾಗಲಾರದು. ಮೂರನೆಯ ಸೋಮೇಶ್ವರನ 12ನೆಯ ಶತಮಾನದ 'ಮಾನಸೋಲ್ಲಾಸ'ದಲ್ಲಿ ಹೇಳಿರುವ ಮಂಡಕವೂ ಇಂದಿನ ಬೆಳಗಾವಿಯ ಮಂಡಿಗೆಯೂ ಕೈಯಿಂದಲೇ ಹಿಗ್ಗುವಂಥವು. ಬಾಳೆಲೆಯ ಮೇಲೆ ತಟ್ಟುವ ಹೋಳಿಗೆಗೂ ಲಟ್ಟಣಿಗೆ ಬೇಡ. ಹಾಸನದ ಕಡೆಯಿಂದ ಬಂದ ಅಯ್ಯಂಗಾರ್ ಕುಟುಂಬಗಳಿಂದ ಬೆಂಗಳೂರಿನಲ್ಲಿ ಹೆಸರಾದ ಬೇಕರಿಗಳ ಪರಂಪರೆಯಲ್ಲಿ ಪಫ್ ಮತ್ತು ದಿಲ್‌ಪಸಂದ್ ಜನಪ್ರಿಯವಾದವು. ಬೇಕರಿಗಳಲ್ಲಿ ಪಫ್‌ಗೆ ಬೆಣ್ಣೆಯ ಬದಲು ಅದಕ್ಕಿಂತ ಹೆಚ್ಚಿನ ಉಷ್ಣತೆಯಲ್ಲಿ ಕರಗುವ ಮಾರ್ಗರೀನನ್ನು ಬಳಸುವುದು ಸಾಮಾನ್ಯ. ಅದರಿಂದ ಲಟ್ಟಿಸುವುದು ಸುಲಭವಾಗುವುದು ದಿಟವಾದರೂ, ಬೆಣ್ಣೆಯ ರುಚಿಗೆ ಅದು ಸಾಟಿಯಲ್ಲ.

ಲಟ್ಟಣಿಗೆಯ ಜತೆಗಾರರಲ್ಲಿ ಮೊದಲ ಸ್ಥಾನ ಸಲ್ಲಬೇಕಾದದ್ದು ಕೆರೆಯುವ ಪಟ್ಟಿಗೆ. ಹಿಡಿಯಿರುವ ಈ ಆಯತಾಕಾರದ ಉಕ್ಕಿನ ತಗಡು ಕಟ್ಟೆಗೆ ಅಂಟಿದ ಹಿಟ್ಟನ್ನು ಎಬ್ಬಿಸುತ್ತದೆ, ಉಂಡೆಯನ್ನು ಸಮವಾಗಿ ತುಂಡರಿಸುತ್ತದೆ, ಬೆಣ್ಣೆಯನ್ನು ಕೈ ತಾಕಿಸದೆ ಹಿಟ್ಟಿನಲ್ಲಿ ಕೊಚ್ಚಿ ಬೆರೆಸುತ್ತದೆ. ಬೆಲೆಯಲ್ಲಿ ಅಲ್ಪ, ಉಪಯೋಗದಲ್ಲಿ ಅನಲ್ಪವಾದ ಇದು ಇದ್ದರೆ, ಕಮಾನಾಗಿ ಬಾಗಿದ ತಂತಿಗಳಿರುವ ಪೇಸ್ಟ್ರಿ ಬ್ಲೆಂಡರನ್ನು ಬೇರೆಯಾಗಿ ಕೊಳ್ಳಬೇಕಾದ ಅಗತ್ಯವಿಲ್ಲ. ಅನಂತರ ತಕ್ಕಡಿ. ಹಿಟ್ಟನ್ನು ಬಟ್ಟಲಿನಿಂದ ಅಳೆದರೆ ಒತ್ತಿ ತುಂಬಿದಾಗ ಒಂದು ತೂಕ, ಸಡಿಲವಾಗಿ ತುಂಬಿದಾಗ ಇನ್ನೊಂದು. ಗ್ರಾಮಿನ ಲೆಕ್ಕದ ತಕ್ಕಡಿ ಈ ಅನಿಶ್ಚಯವನ್ನು ತೊಡೆದುಹಾಕುತ್ತದೆ. ಓವನ್ನಿನೊಳಗಿಡುವ ಉಷ್ಣಮಾಪಕವೂ ಇದೇ ವರ್ಗದ್ದು, ಏಕೆಂದರೆ ಮನೆಯ ಓವನ್ನಿನ ಗುಂಡಿ ತೋರಿಸುವ ಅಂಕಿಗೂ ಒಳಗಿನ ನಿಜವಾದ ಉಷ್ಣತೆಗೂ ಅನೇಕ ವೇಳೆ ಗಣನೀಯವಾದ ಅಂತರವಿರುತ್ತದೆ.

ಕತ್ತರಿಸುವ ಬಳೆಗಳ ಅಂಚು ಹರಿತವಾಗಿರಬೇಕು. ಅವನ್ನು ನೇರವಾಗಿ ಕೆಳಕ್ಕೆ ಒತ್ತಬೇಕೇ ಹೊರತು ತಿರುಚಬಾರದು; ತಿರುಚಿದರೆ ಪದರಗಳ ಅಂಚು ಒಂದಕ್ಕೊಂದು ಮೆತ್ತಿಕೊಂಡು ಹಿಟ್ಟು ಓರೆಯಾಗಿ ಉಬ್ಬುತ್ತದೆ. ಮೊಟ್ಟೆಯನ್ನೋ ಹಾಲನ್ನೋ ಸವರುವ ಕುಂಚ ಮೃದುವಾಗಿದ್ದು, ಸವರಿದ ದ್ರವ ಅಂಚಿನಿಂದ ಇಳಿಯದಂತೆ ನೋಡಿಕೊಳ್ಳಬೇಕಾದದ್ದೂ ಇದೇ ಕಾರಣಕ್ಕೆ. ಹಿಡಿಯ ತುದಿಯಲ್ಲಿ ಹಲ್ಲುಚಕ್ರವಿರುವ ಉಪಕರಣ ನಮ್ಮಲ್ಲಿ ಕರ್ಜಿಕಾಯಿಯ ಅಂಚನ್ನು ಕತ್ತರಿಸಲು ಚಿರಪರಿಚಿತ. ಅದನ್ನೇ ಪೈ ಹಾಳೆಯ ಪಟ್ಟಿಗಳಿಗೂ ಬಳಸಬಹುದು. 19ನೆಯ ಶತಮಾನದಲ್ಲಿ ಅಮೆರಿಕದ ತಿಮಿಂಗಿಲ ಬೇಟೆಯ ಹಡಗುಗಳ ನಾವಿಕರು, ವರ್ಷಗಟ್ಟಲೆಯ ಯಾನದ ಬಿಡುವಿನಲ್ಲಿ, ತಿಮಿಂಗಿಲದ ಹಲ್ಲು ಮೂಳೆಗಳಿಂದ ಇಂಥ ಚಕ್ರಗಳನ್ನು ಅತ್ಯಂತ ನಾಜೂಕಾಗಿ ಕೆತ್ತಿ ಮನೆಗೆ ತರುತ್ತಿದ್ದರು; ಅವು ಈಗ ವಸ್ತುಸಂಗ್ರಹಾಲಯಗಳ ಸಂಪತ್ತು. ಟಾರ್ಟಿಗೆ ತಳ ಬಿಚ್ಚಿಕೊಳ್ಳುವ ತಗಡಿನ ಅಚ್ಚು ಬೇಕು. ಕಪ್ಪು ಮೈಯ ತಗಡು ಶಾಖವನ್ನು ಹೆಚ್ಚು ಹೀರಿ ತಳವನ್ನು ಬೇಗ ಕೆಂಪಗಾಗಿಸುತ್ತದೆ, ಹೊಳೆಯುವ ತಗಡು ನಿಧಾನ. ಹೂರಣವಿಲ್ಲದೆ ಬರಿಯ ಹಾಳೆಯನ್ನೇ ಮೊದಲು ಬೇಯಿಸುವಾಗ ಅದು ಉಬ್ಬದಿರಲೆಂದು ಮೇಲಿಡುವ ಪಿಂಗಾಣಿಯ ಗುಂಡುಗಳನ್ನು ಅಂಗಡಿಯವರು ಮಾರುತ್ತಾರೆ. ಕಾಗದ ಹಾಸಿ ಒಂದು ಸೇರು ಕಡಲೆಯನ್ನೋ ಅಕ್ಕಿಯನ್ನೋ ಸುರಿದರೆ ಅದೇ ಕೆಲಸವಾಗುತ್ತದೆ, ಆ ಕಾಳನ್ನು ಡಬ್ಬಿಯಲ್ಲಿಟ್ಟು ಮತ್ತೆ ಮತ್ತೆ ಇದಕ್ಕೇ ಬಳಸಬಹುದು. ಹಾಳೆಗೆ ತೂತಿಕ್ಕುವ ಮುಳ್ಳಿನ ಉರುಳೆಗೆ ಬದಲಾಗಿ ಊಟದ ಫೋರ್ಕ್ ಸಾಕು.

ಮರದ ಲಟ್ಟಣಿಗೆಯನ್ನು ನೀರಿನಲ್ಲಿ ನೆನೆಯಿಡಬಾರದು. ಮರ ಅಡ್ಡಕ್ಕೆ ಹಿಗ್ಗಿ, ಒಣಗುವಾಗ ಅಸಮವಾಗಿ ಕುಗ್ಗಿ, ಡೊಂಕಾಗುತ್ತದೆ. ಅಂಟಿದ ಹಿಟ್ಟನ್ನು ಕೆರೆದು, ಒದ್ದೆಬಟ್ಟೆಯಿಂದ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒರೆಸಿ ನೆರಳಿನಲ್ಲಿಡಬೇಕು. ಬಿಸಿಲು ಬಿರುಕಿಗೆ ಕಾರಣ. ಆಗಾಗ ಖಾದ್ಯಯೋಗ್ಯವಾದ ಖನಿಜ ತೈಲವನ್ನು ತೆಳ್ಳಗೆ ತಿಕ್ಕುವುದು ಒಳ್ಳೆಯದು. ಅಡುಗೆಯ ಎಣ್ಣೆ ಕಮಟುವಾಸನೆಗೆ ತಿರುಗುತ್ತದೆ. ಬಾಲ್‌ಬೇರಿಂಗ್ ಇರುವವುಗಳ ಅಚ್ಚಿಗೆ ನೀರು ಸೋಕಲೇಬಾರದು.

ಹೊಸದಾಗಿ ತೊಡಗುವವರು ನೆಟ್ಟನೆಯ ದಂಡ, ಕೆರೆಯುವ ಪಟ್ಟಿ, ತಕ್ಕಡಿ, ಕುಂಚ, ತಳ ಬಿಚ್ಚುವ ಒಂದು ಅಚ್ಚು ಇಷ್ಟನ್ನು ಇಟ್ಟುಕೊಂಡು ಒಂದು ವರ್ಷ ಕೆಲಸ ಮಾಡಲಿ. ಉಳಿದ ಕೊರತೆ ಯಾವುದೆಂಬುದನ್ನು ಆ ಕೆಲಸವೇ ತಿಳಿಸಿಕೊಡುತ್ತದೆ. ಅಂಗಡಿಯಲ್ಲಿ ಉದ್ದನೆಯ ಲಟ್ಟಣಿಗೆ ದೊರೆಯದಿದ್ದರೆ ಊರಿನ ತಿರುಗಣೆಯ ಬಡಗಿಯ ಬಳಿಗೆ ಹೋಗಿ, ಚೆನ್ನಾಗಿ ಒಣಗಿದ ಬೀಟೆ ಅಥವಾ ಶೀಶಮ್ ಮರದಲ್ಲಿ 45 ಸೆಂಟಿಮೀಟರ್ ಉದ್ದಕ್ಕೆ, ನಾಲ್ಕೂವರೆ ಸೆಂಟಿಮೀಟರ್ ದಪ್ಪಕ್ಕೆ, ತುದಿಯಿಂದ ತುದಿಗೆ ಒಂದೇ ಗಾತ್ರವಾಗಿ, ಪಾಲಿಷ್ ಹಾಕದೆ ಕಡೆದುಕೊಡುವಂತೆ ಕೇಳಬೇಕು.